ಹುಡುಕಾಟ ಶುರು ಮಾಡುವ ಮೊದಲೇ ಲೈಬ್ರರಿಯನ್ ಹತ್ತಿರ ಹೋಗಿ: ಆರೋಗ್ಯ ವಿಜ್ಞಾನ ಲೈಬ್ರರಿಯ ಸಹಾಯ ಪಡೆಯುವ ಬಗೆ

ಮೆಡಿಕಲ್, ನರ್ಸಿಂಗ್, ಫಾರ್ಮಸಿ ಅಥವಾ ಪಬ್ಲಿಕ್ ಹೆಲ್ತ್ ಓದುವವರಿಗೆ ಥೀಸಿಸ್ ವಿಷಯ ಸಿಕ್ಕಿತು ಅಂದುಕೊಳ್ಳಿ. ಮೊದಲು ಕೈ ಹೋಗುವುದು ಗೂಗಲ್ ಕಡೆಗೆ. ನಾಲ್ಕು ಪದ ಟೈಪ್ ಮಾಡಿ, ಮೊದಲ ಪುಟದಲ್ಲಿ ಬಂದ ಲೇಖನಗಳನ್ನು ಇಳಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ ಅನಿಸುತ್ತದೆ. ಲೈಬ್ರರಿ ನೆನಪಾಗುವುದು ಎಷ್ಟೋ ತಿಂಗಳಾದ ಮೇಲೆ, ಜರ್ನಲ್‌ನವರು "ಎಲ್ಲೆಲ್ಲಿ ಹುಡುಕಿದಿರಿ, ಯಾವ ಪದ ಹಾಕಿದಿರಿ, ಯಾವ ದಿನ ಹುಡುಕಿದಿರಿ?" ಎಂದು ಕೇಳಿದಾಗ. ಅಷ್ಟು ಹೊತ್ತಿಗೆ ಲೈಬ್ರರಿಯನ್ ಮಾಡಬಹುದಾದದ್ದು ಕಡಿಮೆ. ಹೆಚ್ಚಿನ ಸಲ ಹುಡುಕಾಟವನ್ನೇ ಮೊದಲಿನಿಂದ ಮಾಡಬೇಕಾಗುತ್ತದೆ.

ಹಾಗಾಗಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು: ವಿಷಯ ಇನ್ನೂ ಹಸಿಯಾಗಿರುವಾಗಲೇ ಲೈಬ್ರರಿಗೆ ಹೋಗಿ. ಪ್ರಶ್ನೆ ಸರಿಯಾಗಿ ಕೂತಿಲ್ಲ ಎಂಬ ಸಂಕೋಚ ಬೇಡ. ಅದನ್ನು ಕೂರಿಸುವುದಕ್ಕೂ ಅವರೇ ಸಹಾಯ ಮಾಡುತ್ತಾರೆ.

ಸುಮ್ನೆ ಲೇಖನ ಹುಡುಕುವುದಕ್ಕೆ ಇಷ್ಟೊಂದು ಮಹತ್ವ ಏಕೆ ಎನ್ನುವವರಿಗೆ 2001ರ ಒಂದು ಘಟನೆ ಹೇಳಲೇಬೇಕು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಸ್ತಮಾ ಕುರಿತ ಅಧ್ಯಯನವೊಂದು ನಡೆಯುತ್ತಿತ್ತು. ಅದರಲ್ಲಿ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿಯೊಬ್ಬರಿಗೆ ಹೆಕ್ಸಾಮೆಥೋನಿಯಂ ಎಂಬ ಔಷಧವನ್ನು ಉಸಿರಿನ ಮೂಲಕ ಕೊಟ್ಟರು. ಅವರ ಶ್ವಾಸಕೋಶ ಹಾಳಾಯಿತು. ಒಂದು ತಿಂಗಳೊಳಗೆ ತೀರಿಕೊಂಡರು. ಈ ಔಷಧದಿಂದ ಶ್ವಾಸಕೋಶಕ್ಕೆ ತೊಂದರೆ ಆಗಬಹುದು ಎಂದು 1950ರ ದಶಕದ ಲೇಖನಗಳಲ್ಲೇ ಇತ್ತು. ಆದರೆ ಸಂಶೋಧಕರು ನೋಡಿದ್ದ ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಡೇಟಾಬೇಸ್‌ನಲ್ಲಿ ಆಗ ಇದ್ದದ್ದು 1966ರಿಂದ ಈಚಿನ ಲೇಖನಗಳು. ಅದಕ್ಕಿಂತ ಹಳೆಯದು ಬೇಕೆಂದರೆ ಅಚ್ಚಾದ ಸೂಚಿಗಳನ್ನು ತೆಗೆದು ನೋಡಬೇಕಿತ್ತು. ಯಾವ ಡೇಟಾಬೇಸ್ ಎಲ್ಲಿಂದ ಶುರುವಾಗುತ್ತದೆ, ಅದರಲ್ಲಿ ಏನಿಲ್ಲ ಎನ್ನುವುದು ಮೆಡಿಕಲ್ ಲೈಬ್ರರಿಯನ್‌ಗಳಿಗೆ ದಿನನಿತ್ಯದ ತಿಳಿವಳಿಕೆ. ಈಗ ಪಬ್‌ಮೆಡ್‌ನಲ್ಲಿ 1940ರ ದಶಕದ ಲೇಖನಗಳೂ ಸಿಗುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಸಾರಾಂಶ ಇಲ್ಲ, ಬರೀ ಶೀರ್ಷಿಕೆ ಇದೆ. ಇದು ಗೊತ್ತಿಲ್ಲದೆ ಹುಡುಕಿದರೆ ಇವತ್ತೂ ಕೈತಪ್ಪುತ್ತದೆ.

ಹೆಜ್ಜೆ 1: ಸರಿಯಾದ ವ್ಯಕ್ತಿಯನ್ನು ಹಿಡಿಯಿರಿ

ಕೌಂಟರ್‌ನಲ್ಲಿ ಪುಸ್ತಕ ಕೊಡುವವರು ಬೇರೆ, ಸಂಶೋಧನೆಗೆ ನೆರವಾಗುವವರು ಬೇರೆ ಇರಬಹುದು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ವಿಭಾಗಕ್ಕೂ ಒಬ್ಬ ಲೈಬ್ರರಿಯನ್ ಇರುತ್ತಾರೆ. ನರ್ಸಿಂಗ್‌ಗೆ ಒಬ್ಬರು, ದಂತ ವೈದ್ಯಕೀಯಕ್ಕೆ ಒಬ್ಬರು, ಹೀಗೆ. ಇವರನ್ನು ಲಿಯೇಸಾನ್ ಲೈಬ್ರರಿಯನ್ ಅಥವಾ ಸಬ್ಜೆಕ್ಟ್ ಲೈಬ್ರರಿಯನ್ ಎನ್ನುತ್ತಾರೆ. ಲೈಬ್ರರಿಯ ವೆಬ್‌ಸೈಟ್‌ನಲ್ಲಿ ನಿಮ್ಮ ವಿಭಾಗದ ಹೆಸರಿನ ಮುಂದೆ ಇವರ ಹೆಸರಿರುತ್ತದೆ. ಸಿಗದಿದ್ದರೆ ಕೌಂಟರ್‌ನಲ್ಲಿ "ಲಿಟರೇಚರ್ ಸರ್ಚ್‌ಗೆ ಯಾರನ್ನು ಕೇಳಬೇಕು?" ಎಂದರೆ ಸಾಕು.

ಸಣ್ಣ ಪ್ರಶ್ನೆಗೆ ಅಪಾಯಿಂಟ್‌ಮೆಂಟ್ ಬೇಕಿಲ್ಲ. ಪಾಸ್‌ವರ್ಡ್ ಕೆಲಸ ಮಾಡುತ್ತಿಲ್ಲ, ಒಂದು ಲೇಖನ ತೆರೆಯುತ್ತಿಲ್ಲ ಅಂಥದ್ದಕ್ಕೆ ಚಾಟ್ ಅಥವಾ ಫೋನ್ ಸಾಕಾಗುತ್ತದೆ. ಪೂರ್ತಿ ಹುಡುಕಾಟ ಕಟ್ಟಬೇಕು ಎಂದರೆ ಕೂತು ಮಾತಾಡಲು ಸಮಯ ಕೇಳಿ.

ಅವರಿಂದ ಯಾವುದನ್ನು ನಿರೀಕ್ಷಿಸಬಾರದು ಎನ್ನುವುದೂ ಗೊತ್ತಿರಲಿ. ಸ್ಟ್ಯಾಟಿಸ್ಟಿಕ್ಸ್ ಲೆಕ್ಕ ಹಾಕಿಕೊಡುವುದು ಅವರ ಕೆಲಸವಲ್ಲ. ನಿಮ್ಮ ಬದಲು ಲೇಖನ ಓದಿ ರಿವ್ಯೂ ಬರೆದುಕೊಡುವುದಿಲ್ಲ. ರೋಗಿಗೆ ಯಾವ ಚಿಕಿತ್ಸೆ ಕೊಡಬೇಕೆಂದು ಸಲಹೆಯನ್ನೂ ಕೊಡುವುದಿಲ್ಲ. ಯಾವುದೋ ಒಂದು ಕೇಸ್ ಬಗ್ಗೆ ಕೇಳುವಾಗ ರೋಗಿಯ ಹೆಸರು, ದಾಖಲೆ ಸಂಖ್ಯೆ ಯಾವುದನ್ನೂ ಕಳಿಸಬೇಡಿ. ವಯಸ್ಸು, ಕಾಯಿಲೆ, ಸಂದರ್ಭ ಹೇಳಿದರೆ ಸಾಕು.

ಹೆಜ್ಜೆ 2: ಪ್ರಶ್ನೆಯನ್ನು ಬಿಡಿಸಿ ಬರೆಯಿರಿ

"ವಯಸ್ಸಾದವರು ಬೀಳುವುದರ ಬಗ್ಗೆ ಲೇಖನ ಬೇಕು" ಎಂದರೆ ಅದು ವಿಷಯ, ಪ್ರಶ್ನೆ ಅಲ್ಲ. ಯಾವ ವಯಸ್ಸಿನವರು? ಮನೆಯಲ್ಲೋ, ಆಸ್ಪತ್ರೆಯಲ್ಲೋ? ಏಕೆ ಬೀಳುತ್ತಾರೆ ಎನ್ನುವುದೋ, ಬೀಳದಂತೆ ತಡೆಯುವುದು ಹೇಗೆ ಎನ್ನುವುದೋ?

ಇದನ್ನು ಬಿಡಿಸಲು ಆರೋಗ್ಯ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಒಂದು ಚೌಕಟ್ಟಿದೆ. ಹೆಸರು ಪಿಕೋ. 1995ರಿಂದ ಬಳಕೆಯಲ್ಲಿದೆ. ಇದರಲ್ಲಿ ನಾಲ್ಕು ಭಾಗ: ಯಾರ ಬಗ್ಗೆ, ಏನು ಕೊಡುತ್ತೀರಿ ಅಥವಾ ಮಾಡುತ್ತೀರಿ, ಯಾವುದರ ಜೊತೆ ಹೋಲಿಸುತ್ತೀರಿ, ಯಾವ ಫಲಿತಾಂಶ ನೋಡುತ್ತೀರಿ. ಮೇಲಿನ ವಿಷಯವನ್ನೇ ಹೀಗೆ ಬರೆಯಬಹುದು: ಆಸ್ಪತ್ರೆಗೆ ದಾಖಲಾದ, 65 ದಾಟಿದ ರೋಗಿಗಳು, ನಿಗದಿತ ವ್ಯಾಯಾಮ, ಮಾಮೂಲಿ ಆರೈಕೆಯ ಜೊತೆ ಹೋಲಿಕೆ, ಬೀಳುವ ಪ್ರಮಾಣ ಕಡಿಮೆಯಾಗುತ್ತದೆಯೇ?

ಎಲ್ಲ ಪ್ರಶ್ನೆಯೂ ಈ ಚೌಕಟ್ಟಿಗೆ ಹೊಂದುವುದಿಲ್ಲ. ಕ್ಯಾನ್ಸರ್ ರೋಗಿಗಳ ಮನೆಯವರ ಅನುಭವ ಏನು ಎಂದು ಕೇಳುವುದಾದರೆ ಅಲ್ಲಿ ಔಷಧವೂ ಇಲ್ಲ, ಹೋಲಿಕೆಯೂ ಇಲ್ಲ. ಅದನ್ನು ಬಲವಂತವಾಗಿ ನಾಲ್ಕು ಮನೆಗೆ ತುಂಬಬೇಡಿ. ಅದಕ್ಕೆ ಬೇರೆ ಚೌಕಟ್ಟುಗಳಿವೆ, ಲೈಬ್ರರಿಯನ್ ತೋರಿಸುತ್ತಾರೆ.

ಈ ಹಂತದಲ್ಲಿ ಇನ್ನೊಂದು ಕೆಲಸ ಮಾಡಿ. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟ ಮೂರು ನಾಲ್ಕು ಲೇಖನಗಳನ್ನು ಹೇಗಾದರೂ ಹುಡುಕಿ ಇಟ್ಟುಕೊಳ್ಳಿ. ಗೈಡ್ ಕೊಟ್ಟದ್ದಾದರೂ ಸರಿ, ಗೂಗಲ್‌ನಲ್ಲಿ ಸಿಕ್ಕಿದ್ದಾದರೂ ಸರಿ. ಮುಂದೆ ಇವು ಎಷ್ಟು ಉಪಯೋಗಕ್ಕೆ ಬರುತ್ತವೆ ಎಂದು ನೋಡಿ.

ಹೆಜ್ಜೆ 3: ಒಳ್ಳೆಯ ಮೇಲ್ ಬರೆಯಿರಿ

"ನನ್ನ ಥೀಸಿಸ್‌ಗೆ ಲೇಖನ ಬೇಕು, ಕಳಿಸಿ" ಎಂದು ಬರೆದರೆ ಲೈಬ್ರರಿಯನ್ ಮತ್ತೆ ಐದು ಪ್ರಶ್ನೆ ಕೇಳಬೇಕಾಗುತ್ತದೆ. ಅದರಲ್ಲೇ ಒಂದು ವಾರ ಹೋಗುತ್ತದೆ. ಹೀಗೆ ಬರೆದು ನೋಡಿ:

"ನಮಸ್ಕಾರ ಮೇಡಂ, ನಾನು ನರ್ಸಿಂಗ್ ವಿಭಾಗದಲ್ಲಿ ಪೋಸ್ಟ್ ಗ್ರ್ಯಾಜುಯೇಟ್ ವಿದ್ಯಾರ್ಥಿನಿ. ಆಸ್ಪತ್ರೆಯಲ್ಲಿರುವ 65 ದಾಟಿದ ರೋಗಿಗಳು ಬೀಳುವುದನ್ನು ವ್ಯಾಯಾಮದಿಂದ ಕಡಿಮೆ ಮಾಡಬಹುದೇ ಎನ್ನುವುದು ನನ್ನ ಥೀಸಿಸ್ ಪ್ರಶ್ನೆ. ಇಲ್ಲಿಯವರೆಗೆ ಪಬ್‌ಮೆಡ್‌ನಲ್ಲಿ ಮಾತ್ರ ಹುಡುಕಿದ್ದೇನೆ. ತುಂಬಾ ಲೇಖನ ಬರುತ್ತಿವೆ, ಆದರೆ ಹೆಚ್ಚಿನವು ಮನೆಯಲ್ಲಿರುವ ವೃದ್ಧರ ಬಗ್ಗೆ ಇವೆ. ನಾನು ಬಳಸಿದ ಪದಗಳನ್ನೂ ಸರಿ ಅನಿಸಿದ ನಾಲ್ಕು ಲೇಖನಗಳನ್ನೂ ಲಗತ್ತಿಸಿದ್ದೇನೆ. ಪ್ರಪೋಸಲ್ ಮುಂದಿನ ತಿಂಗಳ ಕೊನೆಗೆ ಕೊಡಬೇಕು. ಮುಂದಿನ ಮಂಗಳವಾರ ಅಥವಾ ಗುರುವಾರ ಮಧ್ಯಾಹ್ನ ನಿಮಗೆ ಸಮಯ ಇದೆಯೇ?"

ಪ್ರಶ್ನೆ ಏನು, ಎಲ್ಲಿ ಹುಡುಕಿದ್ದೀರಿ, ಎಲ್ಲಿ ಸಿಕ್ಕಿಬಿದ್ದಿದ್ದೀರಿ, ಯಾವಾಗ ಬೇಕು, ಎಲ್ಲವೂ ಇದರಲ್ಲಿದೆ. ಕೊನೆಯ ದಿನಾಂಕವನ್ನು ಮುಚ್ಚಿಡಬೇಡಿ. ನಾಳೆಯೇ ಬೇಕಿದ್ದರೆ ನಾಳೆಯೇ ಬೇಕು ಎಂದು ಹೇಳಿ. ಅಷ್ಟರಲ್ಲಿ ಏನು ಸಾಧ್ಯವೋ ಅದನ್ನು ಅವರು ಹೇಳುತ್ತಾರೆ.

ಹೆಜ್ಜೆ 4: ಜೊತೆಯಲ್ಲಿ ಕೂತು ಹುಡುಕಾಟ ಕಟ್ಟುವುದು

ನಿಜವಾದ ಕೆಲಸ ಇಲ್ಲೇ ಇರುವುದು. ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ. ಅವರು ಮಾಡುವುದನ್ನು ನೋಡುತ್ತಾ ಕೂರಬೇಡಿ, ನೀವೇ ಟೈಪ್ ಮಾಡಿ. ಮುಂದಿನ ಸಲ ಒಬ್ಬರೇ ಮಾಡಬೇಕಾಗುತ್ತದೆ, ಅಲ್ವಾ?

ಪಬ್‌ಮೆಡ್‌ನಿಂದ ಶುರು ಮಾಡುವುದು ವಾಡಿಕೆ. ಇದು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ ಡೇಟಾಬೇಸ್. 1997ರಿಂದ ಎಲ್ಲರಿಗೂ ಉಚಿತ. ಇದರಲ್ಲಿ 3.5 ಕೋಟಿಗೂ ಹೆಚ್ಚು ಲೇಖನಗಳ ವಿವರ ಇದೆ. ಇಷ್ಟರಲ್ಲಿ ನಿಮಗೆ ಬೇಕಾದದ್ದನ್ನು ಎರಡು ದಾರಿಯಲ್ಲಿ ಹುಡುಕಬಹುದು, ಎರಡನ್ನೂ ಸೇರಿಸಿಯೇ ಹುಡುಕಬೇಕು.

ಒಂದು, ಮೆಶ್ ಪದಗಳು. ಒಂದೇ ಕಾಯಿಲೆಯನ್ನು ಒಬ್ಬರು ಹಾರ್ಟ್ ಅಟ್ಯಾಕ್ ಎಂದು ಬರೆದರೆ ಇನ್ನೊಬ್ಬರು ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಎನ್ನುತ್ತಾರೆ. ಬರೆದವರು ಯಾವ ಪದ ಬಳಸಿದರೂ ಲೇಖನಕ್ಕೆ ಒಂದೇ ನಿಗದಿತ ಪದವನ್ನು ಅಂಟಿಸಿದರೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. 1960ರಲ್ಲಿ ಶುರುವಾದ ಮೆಶ್ ಪಟ್ಟಿ ಮಾಡುವುದು ಇದನ್ನೇ. ಇದರಲ್ಲಿ ಈಗ ಸುಮಾರು 30,000 ಪದಗಳಿವೆ, ಪ್ರತಿ ವರ್ಷ ಪರಿಷ್ಕರಣೆ ಆಗುತ್ತದೆ. ನಮ್ಮ ಉದಾಹರಣೆಗೆ ಬೇಕಾದ ಮೆಶ್ ಪದ "ಆ್ಯಕ್ಸಿಡೆಂಟಲ್ ಫಾಲ್ಸ್". ಮೆಶ್‌ನಲ್ಲಿ "ಏಜ್ಡ್" ಎಂದರೆ 65 ಮತ್ತು ಅದಕ್ಕೆ ಮೇಲ್ಪಟ್ಟವರು.

ಎರಡು, ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಬರುವ ಸಾದಾ ಪದಗಳು. ಹೊಚ್ಚ ಹೊಸ ಲೇಖನಕ್ಕೆ ಇನ್ನೂ ಮೆಶ್ ಅಂಟಿಸಿರುವುದಿಲ್ಲ. ಕೆಲವು ಲೇಖನಗಳಿಗೆ ಯಾವತ್ತೂ ಅಂಟಿಸುವುದಿಲ್ಲ. ಮೆಶ್ ಒಂದನ್ನೇ ನಂಬಿದರೆ ಇವೆಲ್ಲ ತಪ್ಪಿಹೋಗುತ್ತವೆ. ಬ್ರಿಟಿಷ್ ಮತ್ತು ಅಮೆರಿಕನ್ ಸ್ಪೆಲಿಂಗ್ ಎರಡನ್ನೂ ಹಾಕಬೇಕು. ಅನೀಮಿಯಾ, ಪೀಡಿಯಾಟ್ರಿಕ್, ಟ್ಯೂಮರ್ ಇಂಥ ಪದಗಳನ್ನು ಎರಡು ಕಡೆಯವರೂ ಬೇರೆ ಬೇರೆ ಬರೆಯುತ್ತಾರೆ.

ಪದದ ಬಾಲ ಕತ್ತರಿಸಿ ನಕ್ಷತ್ರ ಚಿಹ್ನೆ ಹಾಕಿದರೆ ಅದರ ಎಲ್ಲ ರೂಪಗಳೂ ಬರುತ್ತವೆ. ಇದು ಒಳ್ಳೆಯ ಉಪಾಯ, ಆದರೆ ಎಚ್ಚರ ಬೇಕು. "ಫಾಲ್" ಎಂದು ಬರೆದು ನಕ್ಷತ್ರ ಹಾಕಿದಿರಿ ಅಂದುಕೊಳ್ಳಿ. ಬೀಳುವುದರ ಜೊತೆಗೆ ಫೆಲೋಪಿಯನ್ ನಳಿಕೆಯ ಲೇಖನಗಳೂ ಬರುತ್ತವೆ. ಟೆಟ್ರಾಲಜಿ ಆಫ್ ಫ್ಯಾಲೋ ಎಂಬ ಹೃದಯದ ಕಾಯಿಲೆಯೂ ಬರುತ್ತದೆ, ಏಕೆಂದರೆ ಇಂಗ್ಲಿಷ್‌ನಲ್ಲಿ ಇವೆಲ್ಲದರ ಮೊದಲ ನಾಲ್ಕು ಅಕ್ಷರ ಒಂದೇ. ಬಿಪಿ ಬಿದ್ದದ್ದು, ಶರತ್ಕಾಲದ ಸರ್ವೆ (ಅಮೆರಿಕದಲ್ಲಿ ಶರತ್ಕಾಲಕ್ಕೂ ಫಾಲ್ ಎನ್ನುತ್ತಾರೆ), ಎಲ್ಲವೂ ಸಾಲಾಗಿ ನಿಲ್ಲುತ್ತವೆ. ನಕ್ಷತ್ರ ಹಾಕಿದ ಕೂಡಲೇ ಪಬ್‌ಮೆಡ್ ಆ ಪದಕ್ಕೆ ತಾನಾಗಿಯೇ ಮೆಶ್ ಹುಡುಕುವುದನ್ನೂ ನಿಲ್ಲಿಸುತ್ತದೆ. ಇಂಥ ಕಡೆ "ಫಾಲ್ಸ್", "ಫಾಲರ್ಸ್", "ಫಾಲ್ ಪ್ರಿವೆನ್ಷನ್" ಎಂದು ಬೇಕಾದ ರೂಪಗಳನ್ನು ಬಿಡಿಯಾಗಿ ಬರೆಯುವುದು ವಾಸಿ.

ಆಮೇಲೆ ಜೋಡಣೆ. ಒಂದೇ ಅರ್ಥದ ಪದಗಳ ನಡುವೆ ಆರ್ (ಅಥವಾ), ಬೇರೆ ಬೇರೆ ವಿಚಾರಗಳ ನಡುವೆ ಆಂಡ್ (ಮತ್ತು). ಬೀಳುವುದಕ್ಕೆ ಇರುವ ಪದಗಳೆಲ್ಲ ಒಂದು ಬ್ರಾಕೆಟ್‌ನಲ್ಲಿ, ವ್ಯಾಯಾಮದ ಪದಗಳೆಲ್ಲ ಇನ್ನೊಂದರಲ್ಲಿ, ಆಸ್ಪತ್ರೆಯ ರೋಗಿಗಳದ್ದು ಮೂರನೆಯದರಲ್ಲಿ. ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತಾ ಹೋಗುವುದರಿಂದ ಬ್ರಾಕೆಟ್ ಮರೆತರೆ ಅರ್ಥವೇ ಬದಲಾಗುತ್ತದೆ. ಈ ಜೋಡಣೆ ಪದಗಳನ್ನು ಇಂಗ್ಲಿಷ್‌ನ ದೊಡ್ಡ ಅಕ್ಷರಗಳಲ್ಲೇ ಬರೆಯಬೇಕು.

ನಾಟ್ ಎಂಬ ಮೂರನೆಯ ಜೋಡಣೆಯನ್ನು ಆದಷ್ಟು ದೂರ ಇಡಿ. "ಮಕ್ಕಳು ಬೇಡ" ಎಂದು ನಾಟ್ ಹಾಕಿದರೆ ಮಕ್ಕಳನ್ನೂ ದೊಡ್ಡವರನ್ನೂ ಒಟ್ಟಿಗೆ ಅಧ್ಯಯನ ಮಾಡಿದ ಲೇಖನವೂ ಹೊರಗೆ ಹೋಗುತ್ತದೆ. ಪಕ್ಕದಲ್ಲಿ ಕಾಣುವ ಫಿಲ್ಟರ್‌ಗಳ ವಿಷಯದಲ್ಲೂ ಹೀಗೆಯೇ. ವಯಸ್ಸು, ಲಿಂಗ, ಮನುಷ್ಯರು ಎಂಬ ಫಿಲ್ಟರ್‌ಗಳು ಮೆಶ್ ನೋಡಿ ಕೆಲಸ ಮಾಡುತ್ತವೆ. ಒಂದು ಕ್ಲಿಕ್‌ಗೆ ಮೆಶ್ ಇಲ್ಲದ ಹೊಸ ಲೇಖನಗಳೆಲ್ಲ ಮಾಯ. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ.

ಪಿಕೋದ ನಾಲ್ಕೂ ಭಾಗವನ್ನು ಹುಡುಕಾಟಕ್ಕೆ ಹಾಕಬೇಕು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. "ಮಾಮೂಲಿ ಆರೈಕೆ" ಎಂದು ಹುಡುಕಿದರೆ ಪ್ರಯೋಜನವಿಲ್ಲ. ಫಲಿತಾಂಶಗಳನ್ನೂ ಸಾಮಾನ್ಯವಾಗಿ ಬಿಡುತ್ತಾರೆ, ಏಕೆಂದರೆ ಅಳೆದ ಎಲ್ಲವನ್ನೂ ಲೇಖಕರು ಸಾರಾಂಶದಲ್ಲಿ ಬರೆಯುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಬೀಳುವುದೇ ಮುಖ್ಯ ಸಮಸ್ಯೆ, ಅದಕ್ಕೆ ಅದನ್ನು ಹಾಕುತ್ತೇವೆ. ಮೂಳೆ ಮುರಿತ, ಬೀಳುವ ಭಯ ಇವನ್ನು ಹಾಕುವುದಿಲ್ಲ.

ಈಗ ಆ ನಾಲ್ಕು ಲೇಖನಗಳನ್ನು ತೆಗೆಯಿರಿ. ನೀವು ಕಟ್ಟಿದ ಹುಡುಕಾಟದಲ್ಲಿ ನಾಲ್ಕೂ ಬಂದವೇ? ಒಂದು ಬರಲಿಲ್ಲ ಎಂದರೆ ಅದರ ಶೀರ್ಷಿಕೆ, ಸಾರಾಂಶ, ಮೆಶ್ ಪದಗಳನ್ನು ಬಿಡಿಸಿ ನೋಡಿ. ನೀವು ಯೋಚಿಸದ ಯಾವುದೋ ಪದ ಅಲ್ಲಿರುತ್ತದೆ. ಅದನ್ನು ಸೇರಿಸಿ ಮತ್ತೆ ಓಡಿಸಿ. ಇದು ತುಂಬಾ ಸರಳವಾದ ಪರೀಕ್ಷೆ. ಹುಡುಕಾಟ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ಇದಕ್ಕಿಂತ ಪ್ರಾಮಾಣಿಕ ದಾರಿ ಗೊತ್ತಿಲ್ಲ. ಪಬ್‌ಮೆಡ್ ನಿಮ್ಮ ಪದಗಳನ್ನು ಹೇಗೆ ಅರ್ಥ ಮಾಡಿಕೊಂಡಿದೆ ಎನ್ನುವುದು ಅಡ್ವಾನ್ಸ್ಡ್ ಪುಟದ "ಸರ್ಚ್ ಡೀಟೇಲ್ಸ್" ಭಾಗದಲ್ಲಿ ಕಾಣುತ್ತದೆ. ಅದನ್ನೂ ಒಮ್ಮೆ ತೆರೆದು ನೋಡಿ.

ಮುಗಿಸುವ ಮುನ್ನ ಎಲ್ಲ ಸಾಲುಗಳನ್ನೂ ಇದ್ದ ಹಾಗೆಯೇ ಕಾಪಿ ಮಾಡಿ ಒಂದು ಕಡತದಲ್ಲಿ ಇಡಿ. ಜೊತೆಗೆ ದಿನಾಂಕ, ಎಷ್ಟು ಲೇಖನ ಬಂದವು ಎನ್ನುವುದನ್ನೂ ಬರೆಯಿರಿ. ಪಬ್‌ಮೆಡ್‌ನಲ್ಲಿ ಉಚಿತ ಖಾತೆ ತೆರೆದರೆ ಹುಡುಕಾಟ ಉಳಿಸಿಡಬಹುದು. ಹೊಸ ಲೇಖನ ಬಂದಾಗ ಮೇಲ್ ಬರುವ ಹಾಗೂ ಮಾಡಬಹುದು.

ಹೆಜ್ಜೆ 5: ಪಬ್‌ಮೆಡ್ ಆಚೆಗೂ ನೋಡಿ

ಪಬ್‌ಮೆಡ್‌ನಲ್ಲಿ ಎಲ್ಲವೂ ಇಲ್ಲ. ಎಂಬೇಸ್ ಎಂಬ ಡೇಟಾಬೇಸ್‌ನಲ್ಲಿ ಔಷಧಗಳ ಬಗ್ಗೆ, ಯುರೋಪಿನ ಜರ್ನಲ್‌ಗಳಿಂದ ಮತ್ತು ಸಮ್ಮೇಳನಗಳಿಂದ ಬಂದದ್ದು ಜಾಸ್ತಿ. ನರ್ಸಿಂಗ್ ಮತ್ತು ಫಿಸಿಯೋಥೆರಪಿಗೆ ಸಿನಾಲ್ ಬೇಕೇ ಬೇಕು. ಮನೋವಿಜ್ಞಾನಕ್ಕೆ ಸೈಕ್‌ಇನ್ಫೋ. ಕ್ಲಿನಿಕಲ್ ಟ್ರಯಲ್‌ಗಳಿಗೆ, ಆರೋಗ್ಯ ಸಂಶೋಧನೆಗಳ ರಿವ್ಯೂ ಪ್ರಕಟಿಸುವ ಕಾಕ್ರೇನ್ ಲೈಬ್ರರಿಯ ಸೆಂಟ್ರಲ್ ಎಂಬ ಸಂಗ್ರಹ. ವ್ಯಾಯಾಮದ ನಮ್ಮ ಪ್ರಶ್ನೆಗೆ ಪೆಡ್ರೋ ಎಂಬ ಫಿಸಿಯೋಥೆರಪಿ ಡೇಟಾಬೇಸನ್ನೂ ನೋಡಬಹುದು, ಅದು ಉಚಿತ. ಒಂದು ಲೇಖನವನ್ನು ಆಮೇಲೆ ಯಾರ್ಯಾರು ಉಲ್ಲೇಖಿಸಿದರು ಎಂದು ಹಿಂಬಾಲಿಸಲು ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಒಳ್ಳೆಯವು.

ಎಂಬೇಸ್, ಸಿನಾಲ್, ಸೈಕ್‌ಇನ್ಫೋ, ಸ್ಕೋಪಸ್ ಇವೆಲ್ಲ ದುಬಾರಿ. ನಿಮ್ಮ ವಿಶ್ವವಿದ್ಯಾಲಯ ಯಾವುದಕ್ಕೆ ಹಣ ಕಟ್ಟಿದೆ ಎಂದು ಲೈಬ್ರರಿಯಲ್ಲಿ ಕೇಳಿ. ಎಷ್ಟೋ ಜನ ತಮ್ಮಲ್ಲೇ ಇರುವುದನ್ನು ಇಲ್ಲ ಅಂದುಕೊಂಡು ಬಿಟ್ಟಿರುತ್ತಾರೆ.

ಪಬ್‌ಮೆಡ್‌ಗೆ ಬರೆದ ಹುಡುಕಾಟ ಎಂಬೇಸ್‌ನಲ್ಲಿ ಹಾಗೆಯೇ ನಡೆಯುವುದಿಲ್ಲ. ಅಲ್ಲಿ ಮೆಶ್ ಬದಲು ಎಮ್‌ಟ್ರೀ ಎಂಬ ಬೇರೆ ಪದಪಟ್ಟಿ ಇದೆ. ಚಿಹ್ನೆಗಳೂ ಬೇರೆ. ಒಂದರಿಂದ ಇನ್ನೊಂದಕ್ಕೆ ತಿದ್ದಿ ಬರೆಯುವುದಕ್ಕೆ ಲೈಬ್ರರಿಯನ್ ಸಹಾಯವನ್ನು ಮುಜುಗರವಿಲ್ಲದೆ ಕೇಳಿ. ಸ್ವಂತವಾಗಿ ಮಾಡಿದಾಗ ಜಾಸ್ತಿ ತಪ್ಪು ನುಸುಳುವುದು ಇಲ್ಲಿಯೇ.

ಗೂಗಲ್ ಸ್ಕಾಲರ್ ಬೇಡ ಎನ್ನುತ್ತಿಲ್ಲ. ಅದು ಒಂದು ಹುಡುಕಾಟಕ್ಕೆ ಮೊದಲ 1,000 ಫಲಿತಾಂಶಗಳನ್ನು ಮಾತ್ರ ತೋರಿಸುತ್ತದೆ. ಅದೇ ಪದ ಹಾಕಿ ಇನ್ನೊಬ್ಬರು ಹುಡುಕಿದರೆ ಅದೇ ಪಟ್ಟಿ ಬರುತ್ತದೆ ಎಂಬ ಖಾತ್ರಿ ಇಲ್ಲ. ಅದನ್ನು ಪೂರಕವಾಗಿ ಇಟ್ಟುಕೊಳ್ಳಿ, ಅದೊಂದನ್ನೇ ನಂಬಬೇಡಿ.

ಒಳ್ಳೆಯ ಫಲಿತಾಂಶ ಬರದ ಟ್ರಯಲ್‌ಗಳು ಎಷ್ಟೋ ಸಲ ಪ್ರಕಟವೇ ಆಗುವುದಿಲ್ಲ. ಪ್ರಕಟವಾದದ್ದನ್ನು ಮಾತ್ರ ಓದಿದರೆ ಚಿಕಿತ್ಸೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಟ್ರಯಲ್ ನೋಂದಣಿ ತಾಣಗಳನ್ನೂ ನೋಡಬೇಕು.

ಹೆಜ್ಜೆ 6: ಪೂರ್ತಿ ಲೇಖನ ಸಿಗದಿದ್ದರೆ

ಹಣ ಕಟ್ಟಿ ಎಂದು ಪ್ರಕಾಶಕರ ಪುಟ ಕೇಳಿದ ಕೂಡಲೇ ಕಾರ್ಡ್ ತೆಗೆಯಬೇಡಿ. ಮೊದಲು ಲೈಬ್ರರಿಯ ಲಾಗಿನ್ ಮೂಲಕ ಬಂದಿದ್ದೀರಾ ನೋಡಿ. ಕ್ಯಾಂಪಸ್ ಹೊರಗಿದ್ದರೆ ಹೊರಗಿನಿಂದ ಕ್ಯಾಂಪಸ್ ಜಾಲಕ್ಕೆ ಸೇರಿಸುವ ವಿಪಿಎನ್ ಅಥವಾ ಪ್ರಾಕ್ಸಿ ಬೇಕಾಗುತ್ತದೆ. ಆಮೇಲೆ ಪಬ್‌ಮೆಡ್ ಸೆಂಟ್ರಲ್ ನೋಡಿ, ಅದು 2000ದಲ್ಲಿ ಶುರುವಾದ ಪೂರ್ತಿ ಲೇಖನಗಳ ಉಚಿತ ಸಂಗ್ರಹ. ಅಲ್ಲೂ ಇಲ್ಲದಿದ್ದರೆ ಇಂಟರ್‌ಲೈಬ್ರರಿ ಲೋನ್ ಕೇಳಿ. ನಿಮ್ಮ ಲೈಬ್ರರಿಯವರು ಬೇರೆ ಲೈಬ್ರರಿಯಿಂದ ಸ್ಕ್ಯಾನ್ ತರಿಸಿಕೊಡುತ್ತಾರೆ. ಕೆಲವು ಕಡೆ ಉಚಿತ, ಕೆಲವು ಕಡೆ ಸಣ್ಣ ಶುಲ್ಕ ಇರುತ್ತದೆ. ಲೇಖಕರಿಗೇ ಒಂದು ಮೇಲ್ ಹಾಕಿದರೂ ಎಷ್ಟೋ ಸಲ ಸಂತೋಷದಿಂದ ಕಳಿಸುತ್ತಾರೆ.

ಎಐ ಚಾಟ್‌ಬಾಟ್ ಕೊಟ್ಟ ಉಲ್ಲೇಖ ಹಿಡಿದುಕೊಂಡು "ಈ ಲೇಖನ ಸಿಗುತ್ತಿಲ್ಲ" ಎಂದು ಬರುವವರು ಈಗ ಹೆಚ್ಚು. ಅಂಥ ಉಲ್ಲೇಖದಲ್ಲಿ ಲೇಖಕರು ನಿಜ, ಜರ್ನಲ್ ನಿಜ, ಲೇಖನ ಮಾತ್ರ ಇಲ್ಲವೇ ಇಲ್ಲ ಎನ್ನುವ ಹಾಗೂ ಇರುತ್ತದೆ. ಶೀರ್ಷಿಕೆಯನ್ನೂ ಡಿಒಐ ಸಂಖ್ಯೆಯನ್ನೂ (ಪ್ರತಿ ಲೇಖನಕ್ಕೂ ಇರುವ ಪ್ರತ್ಯೇಕ ಗುರುತು) ಪಬ್‌ಮೆಡ್‌ನಲ್ಲಿ ಹಾಕಿ ನೋಡಿ. ಎರಡೂ ಹೊಂದದಿದ್ದರೆ ಅದನ್ನು ಥೀಸಿಸ್ ಹತ್ತಿರ ಸುಳಿಯಲು ಬಿಡಬೇಡಿ.

ಹೆಜ್ಜೆ 7: ಸಿಕ್ಕಿದ್ದನ್ನು ಜೋಡಿಸಿಡುವುದು

ಜೋಟೆರೋ, ಮೆಂಡಲೀ, ಎಂಡ್‌ನೋಟ್, ಉಲ್ಲೇಖಗಳನ್ನು ಜೋಡಿಸಿಡುವ ಈ ಮೂರು ಸಾಫ್ಟ್‌ವೇರ್‌ಗಳಲ್ಲಿ ಒಂದನ್ನು ಮೊದಲ ದಿನವೇ ಆರಿಸಿಕೊಳ್ಳಿ. ಜೋಟೆರೋ ಉಚಿತ. ಅದರಲ್ಲಿ ನನಗೆ ತುಂಬಾ ಇಷ್ಟವಾದ ಗುಣ ಒಂದಿದೆ. ನೀವು ಇಟ್ಟುಕೊಂಡ ಲೇಖನವನ್ನು ಜರ್ನಲ್ ಹಿಂತೆಗೆದುಕೊಂಡಿದ್ದರೆ ಅದು ಎಚ್ಚರಿಸುತ್ತದೆ. ಇದು ಸಣ್ಣ ವಿಷಯ ಅಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಾಕಿದ ಲೇಖನ 1998ರಲ್ಲಿ ದಿ ಲ್ಯಾನ್ಸೆಟ್‌ನಲ್ಲಿ ಬಂತು. ಅದನ್ನು ಪೂರ್ತಿ ಹಿಂತೆಗೆದುಕೊಂಡದ್ದು 2010ರಲ್ಲಿ. ನಡುವಿನ 12 ವರ್ಷ ಅದು ಉಲ್ಲೇಖವಾಗುತ್ತಲೇ ಇತ್ತು.

ಮೂರು ಡೇಟಾಬೇಸ್‌ನಲ್ಲಿ ಹುಡುಕಿದರೆ ಒಂದೇ ಲೇಖನ ಮೂರು ಸಲ ಬರುತ್ತದೆ. ನಕಲುಗಳನ್ನು ತೆಗೆಯುವ ಮುಂಚೆ ಯಾವ ಡೇಟಾಬೇಸ್‌ನಿಂದ ಎಷ್ಟು ಬಂತು ಎಂದು ಬರೆದುಕೊಳ್ಳಿ. ತೆಗೆದ ಮೇಲೆ ಆ ಲೆಕ್ಕ ಮತ್ತೆ ಸಿಗುವುದಿಲ್ಲ, ರಿವ್ಯೂ ಬರೆಯುವಾಗ ಅದು ಬೇಕೇ ಬೇಕು.

ಸಿಸ್ಟಮ್ಯಾಟಿಕ್ ರಿವ್ಯೂ ಮಾಡುವವರಿಗೆ

ಒಂದು ಪ್ರಶ್ನೆಗೆ ಸಂಬಂಧಪಟ್ಟ ಎಲ್ಲ ಅಧ್ಯಯನಗಳನ್ನೂ ನಿಯಮದ ಪ್ರಕಾರ ಹುಡುಕಿ, ಜರಡಿ ಹಿಡಿದು, ಒಟ್ಟಿಗೆ ನೋಡುವುದು ಸಿಸ್ಟಮ್ಯಾಟಿಕ್ ರಿವ್ಯೂ. ಒಂದು ಸೆಮಿಸ್ಟರ್‌ನಲ್ಲಿ ಒಬ್ಬರೇ ಮಾಡಿ ಮುಗಿಸುತ್ತೇವೆ ಎಂದು ಹೊರಡುವ ವಿದ್ಯಾರ್ಥಿಗಳನ್ನು ನೋಡಿದರೆ ನನಗೆ ಕಳವಳ ಆಗುತ್ತದೆ. ನೋಂದಣಿಯಾದ 195 ರಿವ್ಯೂಗಳನ್ನು ನೋಡಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನೋಂದಣಿಯಿಂದ ಪ್ರಕಟಣೆಯವರೆಗೆ ಸರಾಸರಿ 67 ವಾರ ಬೇಕಾಯಿತು. ಲೇಖನಗಳನ್ನು ಆರಿಸಲು ಕನಿಷ್ಠ ಇಬ್ಬರು ಬೇಕು, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯಬೇಕು. ಸಮಯವಿಲ್ಲ, ಜೊತೆಗಾರರಿಲ್ಲ ಎಂದರೆ ಲೈಬ್ರರಿಯನ್‌ಗೆ ನೇರವಾಗಿ ಹೇಳಿ. ನಿಮ್ಮ ಪ್ರಶ್ನೆಗೆ ಸ್ಕೋಪಿಂಗ್ ರಿವ್ಯೂ (ಒಂದು ವಿಷಯದಲ್ಲಿ ಏನೇನು ಅಧ್ಯಯನ ನಡೆದಿದೆ ಎಂದು ಗುರುತಿಸುವುದು) ಅಥವಾ ಸಾದಾ ಲಿಟರೇಚರ್ ರಿವ್ಯೂ ಸಾಕಾಗಬಹುದು.

ಮಾಡಲೇಬೇಕು ಎಂದಿದ್ದರೆ ಮೊದಲು ಇದೇ ಪ್ರಶ್ನೆಯನ್ನು ಬೇರೆ ಯಾರಾದರೂ ಎತ್ತಿಕೊಂಡಿದ್ದಾರಾ ನೋಡಿ. ಕಾಕ್ರೇನ್ ಲೈಬ್ರರಿ ನೋಡಿ, ಪ್ರಾಸ್ಪೆರೋ ನೋಡಿ. ಪ್ರಾಸ್ಪೆರೋ 2011ರಲ್ಲಿ ಶುರುವಾದ ನೋಂದಣಿ ತಾಣ, ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ್ದು. ನಿಮ್ಮ ಯೋಜನೆಯನ್ನೂ ಶುರುವಿನಲ್ಲೇ ಅಲ್ಲಿ ನೋಂದಾಯಿಸಬಹುದು. ಸ್ಕೋಪಿಂಗ್ ರಿವ್ಯೂಗಳನ್ನು ಅದು ತೆಗೆದುಕೊಳ್ಳುವುದಿಲ್ಲ.

ಬರೆಯುವಾಗ, ರಿವ್ಯೂನಲ್ಲಿ ಏನೇನು ಇರಬೇಕೆಂದು ಹೇಳುವ ಪ್ರಿಸ್ಮಾ ಎಂಬ 27 ಅಂಶಗಳ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ಈಗಿನ ಆವೃತ್ತಿ 2020ರದ್ದು. ಹುಡುಕಾಟದ ಭಾಗಕ್ಕೆಂದೇ 2021ರಲ್ಲಿ ಪ್ರಿಸ್ಮಾ-ಎಸ್ ಎಂಬ 16 ಅಂಶಗಳ ಪಟ್ಟಿ ಬಂದಿದೆ. ಎಲ್ಲ ಡೇಟಾಬೇಸ್‌ಗಳ ಪೂರ್ತಿ ಹುಡುಕಾಟವನ್ನು ಅನುಬಂಧದಲ್ಲಿ ಕೊಡಬೇಕು. ಹೆಜ್ಜೆ 4ರಲ್ಲಿ ಕಾಪಿ ಮಾಡಿಟ್ಟ ಕಡತ ಇಲ್ಲಿ ಕೆಲಸಕ್ಕೆ ಬರುತ್ತದೆ. ಹುಡುಕಾಟವನ್ನು ಓಡಿಸುವ ಮುಂಚೆ ಇನ್ನೊಬ್ಬ ಲೈಬ್ರರಿಯನ್ ಕೈಯಲ್ಲಿ ತಿದ್ದಿಸುವ ಪದ್ಧತಿಯೂ ಇದೆ, ಅದಕ್ಕೆ ಪ್ರೆಸ್ ಎಂಬ ಮಾರ್ಗಸೂಚಿ ಇದೆ. ನಿಮ್ಮ ಲೈಬ್ರರಿಯಲ್ಲಿ ಈ ವ್ಯವಸ್ಥೆ ಇದ್ದರೆ ಬಿಡಬೇಡಿ.

ಒಂದು ಸೂಕ್ಷ್ಮ ವಿಷಯವನ್ನು ಮೊದಲ ಭೇಟಿಯಲ್ಲೇ ಮಾತಾಡಿಕೊಳ್ಳಿ: ಲೇಖಕರ ಪಟ್ಟಿಯಲ್ಲಿ ಲೈಬ್ರರಿಯನ್ ಹೆಸರು. ಒಂದು ಸಲ ಕೂತು ದಾರಿ ತೋರಿಸಿದ್ದಕ್ಕೆ ಕೃತಜ್ಞತೆ ಸಾಲು ಸಾಕು. ಅವರೇ ಎಲ್ಲ ಡೇಟಾಬೇಸ್‌ಗಳಿಗೆ ಹುಡುಕಾಟ ಕಟ್ಟಿ, ಓಡಿಸಿ, ವಿಧಾನದ ಭಾಗವನ್ನು ಬರೆದುಕೊಟ್ಟರೆ ಅವರು ಸಹಲೇಖಕರು. ಅದನ್ನು ಕೊಡದಿರುವುದು ಅನ್ಯಾಯ. ನಿಮಗೂ ಇದರಿಂದ ಲಾಭವಿದೆ. ಲೈಬ್ರರಿಯನ್ ಸಹಲೇಖಕರಾಗಿರುವ ರಿವ್ಯೂಗಳಲ್ಲಿ ಹುಡುಕಾಟದ ವಿವರ ಹೆಚ್ಚು ಗುಣಮಟ್ಟದ್ದಾಗಿರುತ್ತದೆ ಎಂದು 2015ರ ಅಧ್ಯಯನವೊಂದು ತೋರಿಸಿದೆ.

ವೈದ್ಯರು, ನರ್ಸ್‌ಗಳು ಮತ್ತು ಹೊರಗಿನವರು

ವಾರ್ಡ್‌ನಲ್ಲಿ ನಿಂತಾಗ ಹುಟ್ಟುವ ಪ್ರಶ್ನೆಗೆ 67 ವಾರ ಕಾಯಲು ಆಗುವುದಿಲ್ಲ. ಅಪ್‌ಟುಡೇಟ್, ಡೈನಮೆಡ್‌ನಂಥ ಸಿದ್ಧ ಸಾರಾಂಶಗಳು ಲೈಬ್ರರಿಯ ಮೂಲಕ ಫೋನ್‌ನಲ್ಲೇ ಸಿಗುತ್ತವೆಯೇ ಕೇಳಿ. ಅದರಲ್ಲೂ ಉತ್ತರ ಇಲ್ಲದಿದ್ದರೆ ಪ್ರಶ್ನೆಯನ್ನು ಲೈಬ್ರರಿಗೆ ಕಳಿಸಿ. ಅಮೆರಿಕದ ರಾಚೆಸ್ಟರ್ ಪ್ರದೇಶದ ಆಸ್ಪತ್ರೆಗಳಲ್ಲಿ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನವಿದೆ. ಲೈಬ್ರರಿಯಿಂದ ಮಾಹಿತಿ ಪಡೆದ ವೈದ್ಯರಲ್ಲಿ 80% ಜನ, ಅದರಿಂದಾಗಿ ರೋಗಿಯ ಆರೈಕೆಯಲ್ಲಿ ಏನಾದರೊಂದನ್ನು ಬೇರೆ ರೀತಿ ಮಾಡಿದೆವು ಎಂದು ಹೇಳಿದ್ದರು.

ವಿಶ್ವವಿದ್ಯಾಲಯಕ್ಕೆ ಸೇರದವರಿಗೂ ಎಷ್ಟೋ ಲೈಬ್ರರಿಗಳಲ್ಲಿ ಒಳಗೆ ಕೂತು ಓದಲು ಅವಕಾಶ ಇರುತ್ತದೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿ. ಮನೆಯವರ ಕಾಯಿಲೆ ಬಗ್ಗೆ ತಿಳಿಯಬೇಕಿದ್ದರೆ ಸಂಶೋಧನಾ ಲೇಖನಕ್ಕಿಂತ ಮೆಡ್‌ಲೈನ್‌ಪ್ಲಸ್ ಎಂಬ ವೆಬ್‌ಸೈಟ್ ಒಳ್ಳೆಯದು. ಜನಸಾಮಾನ್ಯರಿಗಾಗಿ ಬರೆದದ್ದು, ಜಾಹೀರಾತು ಇಲ್ಲ.

ಕಳಿಸುವ ಮುಂಚೆ

ಜರ್ನಲ್ ಆರಿಸುವಾಗಲೂ ಲೈಬ್ರರಿಯನ್ ಸಲಹೆ ಕೇಳಿ. ಹಣ ಕೊಡಿ, ವಾರದಲ್ಲಿ ಪ್ರಕಟಿಸುತ್ತೇವೆ ಎಂದು ಮೇಲ್ ಹಾಕುವ ಜರ್ನಲ್‌ಗಳಿಂದ ದೂರ ಇರಿ. ಜರ್ನಲ್ ಡಿಒಎಜೆ ಎಂಬ ಮುಕ್ತ ಜರ್ನಲ್‌ಗಳ ಪಟ್ಟಿಯಲ್ಲಿದೆಯೇ, ಪಬ್‌ಮೆಡ್‌ನ ಮುಖ್ಯ ಭಾಗವಾದ ಮೆಡ್‌ಲೈನ್‌ನಲ್ಲಿ ಸೇರಿದೆಯೇ ಎಂದು ಅವರು ಕೂಡಲೇ ನೋಡಿ ಹೇಳುತ್ತಾರೆ.

ಹುಡುಕಾಟ ಹಳೆಯದಾಗಿದ್ದರೆ ಮತ್ತೆ ಓಡಿಸಬೇಕು. ಪ್ರಕಟಣೆಗೆ ಹಿಂದಿನ 12 ತಿಂಗಳ ಒಳಗೆ ಒಮ್ಮೆ ಹೊಸದಾಗಿ ಹುಡುಕಿರಬೇಕು ಎನ್ನುವುದು ಕಾಕ್ರೇನ್ ನಿಯಮ. ಆಗ ಲೇಖನ ಪ್ರಕಟವಾದ ದಿನಾಂಕ ಹಾಕಿ ಸೋಸಬೇಡಿ. ಹೋದ ವರ್ಷ ಪ್ರಕಟವಾಗಿ ಈ ವರ್ಷ ಡೇಟಾಬೇಸ್‌ಗೆ ಸೇರಿದ ಲೇಖನ ಹಾಗೆ ಮಾಡಿದರೆ ತಪ್ಪಿಹೋಗುತ್ತದೆ. ಡೇಟಾಬೇಸ್‌ಗೆ ಸೇರಿದ ದಿನಾಂಕ ಎಂಬ ಬೇರೆ ಆಯ್ಕೆ ಇದೆ. ಅದರಲ್ಲಿ ನಿಮ್ಮ ಹಿಂದಿನ ಹುಡುಕಾಟದ ದಿನದಿಂದ ಇವತ್ತಿನವರೆಗೆ ಎಂದು ಹಾಕಿ.